ಗದ್ದೆಯವಳ ಗಿಡಕ್ಕೆ ಹೊಲದವಳ ಗೊಬ್ಬರ

ಮೊನ್ನೆ ಹುಣಸೂರು ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದವಳು ನಿಂತೇಬಿಟ್ಟೆ. ಗೋಧಿ ಹಿಟ್ಟಿನ ಪಾಕೀಟಿನಂಥ ಪಾಕೀಟು. ಮೇಲೆ ಹಲ್ಲು ಬಿಟ್ಟ ಹೆಂಗಸು, ಅವಳ ಕೈಯಲ್ಲೊಂದು ಹೂವಿನ ಕುಂಡ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ಕುಂಡದ ಮಣ್ಣು ಅಂತ ಬರೆದಿತ್ತು. ಪೊರೆ ತೆಗೆಸಿದ ಕಣ್ಣು, ಸುಳ್ಳು ಹೇಳುವುದಿಲ್ಲ. ಆದರೂ ಇನ್ನೊಂದು ಸಲ ಓದಿದೆ. ಮಣ್ಣೇ. ನಾವು ಹಿಂದೆ ಯಾರ ಮೇಲೆ ಸಿಟ್ಟು ಬಂದರೂ ನಿನ್ನ ಬಾಯಿಗೆ ಮಣ್ಣು ಹಾಕ ಅಂತ ಬಿಟ್ಟಿಯಾಗಿ ಬೈಯುತ್ತಿದ್ದೆವು. ಇನ್ನು ಮೇಲೆ ಹಾಗೆ ಬೈಯಬೇಕಾದರೂ ಪಾಕೀಟು ಕೊಳ್ಳಬೇಕು.

ಮೂಲೆ ಹರಿದಿದ್ದ ಒಂದು ಪಾಕೀಟಿಗೆ ಬೆರಳು ಹಾಕಿ ಒಂದು ಚಿಟಿಕೆ ಎತ್ತಿ ಮೂಸಿದೆ. ಅಂಗಡಿಯವನು, ಅಜ್ಜಿ ಅದು ನಶ್ಯ ಅಲ್ಲ ಅಂದ. ನಶ್ಯವಾಗಿದ್ದರೆ ಒಂದು ಸೀನಾದರೂ ಬರುತ್ತಿತ್ತು. ಇದರಲ್ಲಿ ವಾಸನೆಯೇ ಇಲ್ಲ. ವಾಸನೆಯಿಲ್ಲದ ಗೊಬ್ಬರವೂ ಒಂದೇ, ಉಪ್ಪಿಲ್ಲದ ಸಾರೂ ಒಂದೇ. ಹಾಗಂತ ಅವನಿಗೆ ಹೇಳಿಯೇ ಬಂದೆ.

ಗೊಬ್ಬರ ಕಂಡರೆ ಕೈ ಹಾಕದೆ ಇರುವುದು ನನ್ನಿಂದ ಆಗದು. ಕೆಲವರಿಗೆ ಸೀರೆ ಅಂಗಡಿಯಲ್ಲಿ ಹಾಗೆ ಆಗುತ್ತದಂತೆ. ನನಗೆ ಬಸ್ಸಿನ ಕಿಟಕಿಯಿಂದ ಯಾರದೋ ಹೊಲದಲ್ಲಿ ಗೊಬ್ಬರದ ಗುಡ್ಡೆ ಸಾಲಾಗಿ ಕಂಡರೆ ಸಾಕು, ಇಳಿದು ಹೋಗಿ ಹಿಡಿ ಮಾಡಿ ನೋಡೋಣ ಅನ್ನಿಸುತ್ತದೆ. ಒಳ್ಳೆಯ ಗೊಬ್ಬರ ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳಲ್ಲಿ ತಿವಿದರೆ ಉದುರಬೇಕು. ಮೂಗು ಸುಟ್ಟರೆ ಇನ್ನೂ ಹಸಿ. ಹೊಸ ಮಡಕೆಗೆ ನೀರು ಬಿಟ್ಟಂಥ ವಾಸನೆ ಬಂದರೆ ಪಕ್ವ. ಒಳಗೆ ಗೊಣ್ಣೆಹುಳು ಇದ್ದರೆ ಕೋಳಿಗೆ ಹಬ್ಬ, ಗಿಡಕ್ಕೆ ಸಾವು. ಇಷ್ಟು ಕಲಿಯುವುದಕ್ಕೆ ಸ್ಕೂಲು ಬೇಕಾಗಿಲ್ಲ. ಬೆಳಗ್ಗೆ ಎದ್ದು ಕೊಟ್ಟಿಗೆ ಬಾಚಿ ತಲೆಯ ಮೇಲೆ ಮಂಕರಿ ಹೊತ್ತರೆ ಸಾಕು, ಅದರ ನೀರು ಕಿವಿಯ ಮೇಲೆ ಇಳಿಯುತ್ತಾ ಎಲ್ಲವನ್ನೂ ಹೇಳಿಕೊಡುತ್ತದೆ.

ನನ್ನನ್ನು ಕೊಟ್ಟಿದ್ದೂ ತಿಪ್ಪೆ ನೋಡಿಯೇ. ನಮ್ಮಪ್ಪ ಗಂಡಿನ ಮನೆ ನೋಡಲು ಹೋದವನು ಗಂಡಿನ ಮುಖ ನೋಡಲಿಲ್ಲ. ಕೊಟ್ಟ ನೀರನ್ನೂ ಕುಡಿಯದೆ ನೇರ ಹಿತ್ತಲಿಗೆ ಹೋಗಿ ತಿಪ್ಪೆಗೆ ಕೋಲು ಚುಚ್ಚಿದನಂತೆ. ಒಳಗಿಂದ ಹಬೆ ಎದ್ದಿತಂತೆ. ತಿಪ್ಪೆ ಇಷ್ಟಿದ್ದರೆ ದನ ಎಷ್ಟಿರಬೇಕು, ದನ ಅಷ್ಟಿದ್ದರೆ ಹೊಲ ಎಷ್ಟಿರಬೇಕು ಅಂತ ಬಾಯಲ್ಲೇ ಲೆಕ್ಕ ಹಾಕಿ ಅಲ್ಲೇ ಒಪ್ಪಿಕೊಂಡು ಬಂದ. ನಾನು ಹೋಗಿ ನೋಡಿದರೆ ಆ ತಿಪ್ಪೆಯಲ್ಲಿ ಅರ್ಧ ಪಕ್ಕದ ಮನೆಯವರದು. ಗಂಡ ಮಾತ್ರ ಪೂರ್ತಿ ನನ್ನವನೇ ಆಗಿದ್ದ. ಅವನಲ್ಲಿ ಪಾಲು ಕೇಳಿಕೊಂಡು ಯಾರೂ ಬರಲಿಲ್ಲ. ದೀಪಾವಳಿಯ ದಿನ ಆ ತಿಪ್ಪೆಗೆ ಚೆಂಡು ಹೂ ಸಿಕ್ಕಿಸಿ ದೀಪ ಇಡುವಾಗ ನಾನು ನಮ್ಮ ಕಡೆಯ ಅರ್ಧಕ್ಕೆ ಮಾತ್ರ ಕೈ ಮುಗಿಯುತ್ತಿದ್ದೆ.

ಇರಲಿ, ಗಿಡಕ್ಕೆ ಬರುತ್ತೇನೆ.

ನಾನೀಗ ಇರುವುದು ಹುಣಸೂರಿನಲ್ಲಿ, ಮಗಳು ಸುನಂದಾಳ ಮನೆಯಲ್ಲಿ. ಕಣ್ಣು ತೋರಿಸಲು ಬಂದವಳು ಹಾಗೇ ಉಳಿದೆ. ಪಿರಿಯಾಪಟ್ಟಣದ ಆಚೆ ನನ್ನ ಹೊಲವನ್ನು ತಮ್ಮನ ಮಗ ಕುಮಾರ ನೋಡಿಕೊಳ್ಳುತ್ತಾನೆ, ಹೊಗೆಸೊಪ್ಪು ಬೆಳೆಯುತ್ತಾನೆ. ನಾನು ಉಳಿದುಕೊಂಡ ಈ ಮನೆಗೆ ನನಗಿಂತ ಮೊದಲೇ ಬಂದು ಕೂತವಳು ನನ್ನ ಬೀಗಿತ್ತಿ ಸಾಕಮ್ಮ, ಅಳಿಯನ ತಾಯಿ. ಸಾಲಿಗ್ರಾಮದವಳು. ಕಾವೇರಿ ನೀರಿನ ಗದ್ದೆಯ ಜನ ಅವರು. ಮಾತಾಡಿದರೂ ಕಾಲುವೆ ನೀರಿನ ಹಾಗೆ ನಿಧಾನ. ನಾವು ಮಳೆ ನಂಬಿದ ಹೊಲದವರು, ಮಾತಿದ್ದರೆ ಒಂದೇ ಸಲ ಸುರಿದುಬಿಡುತ್ತೇವೆ. ಬೆಳಗ್ಗೆ ಕಾಫಿಗೆ ಎಷ್ಟು ಬೆಲ್ಲ ಅನ್ನುವುದರಿಂದ ಹಿಡಿದು ಸಂಜೆ ಬಾಗಿಲು ಯಾವಾಗ ಮುಚ್ಚಬೇಕು ಅನ್ನುವ ತನಕ ನಮ್ಮಿಬ್ಬರಿಗೂ ಒಂದೂ ಹೊಂದುವುದಿಲ್ಲ. ಹೊಂದದಿದ್ದರೂ ಮಧ್ಯಾಹ್ನ ಊಟವಾದ ಮೇಲೆ ಒಂದೇ ತಟ್ಟೆಯಿಂದ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆವು. ನನಗೆ ಅಷ್ಟು ಸಾಕಾಗಿತ್ತು. ಎದುರು ಮಾತಾಡುವವರು ಇಲ್ಲದ ಮನೆಯಲ್ಲಿ ಹೊತ್ತು ಹೋಗುವುದಿಲ್ಲ.

ಸಾಕಮ್ಮ ಊರಿನಿಂದ ಬರುವಾಗ ಪಾತ್ರೆ ಪದಾರ್ಥ ಎಲ್ಲ ಅಲ್ಲೇ ಬಿಟ್ಟು, ಒಂದು ಆಂತೂರಿಯಂ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದಳಂತೆ. ನೀವು ನೋಡಿರುತ್ತೀರಿ, ಎಣ್ಣೆ ಸವರಿದ ಹಾಗೆ ಹೊಳೆಯುವ ಕೆಂಪು ಹೂ, ನಡುವೆ ಒಂದು ಕಡ್ಡಿ. ಪ್ಲಾಸ್ಟಿಕ್ಕಿನದು ಅಂತ ನಾನು ಉಗುರಿನಿಂದ ಗೀರಿ ನೋಡಿದ್ದೇನೆ, ಬೇರೆಯವರ ಮನೆಯಲ್ಲಿ. ಇವಳ ಗಿಡದಲ್ಲಿ ಗೀರಿ ನೋಡುವುದಕ್ಕೂ ಒಂದು ಹೂವಿರಲಿಲ್ಲ. ಎಲೆ ಸಪ್ಪೆ. ಬೇರು ಕುಂಡದ ತಳದ ತೂತಿನಿಂದ ಹೊರಗೆ ಬಂದು ನೆಲ ತಡವುತ್ತಿತ್ತು. ಸುನಂದ ದೊಡ್ಡ ಕುಂಡವೊಂದನ್ನು ತಂದು, ನೀವಿಬ್ಬರೂ ಸೇರಿ ಬದಲಾಯಿಸಿ ಅಂತ ನಮ್ಮ ನಡುವೆ ಇಟ್ಟು ಅಂಗನವಾಡಿ ಕೆಲಸಕ್ಕೆ ಹೋದಳು. ಆಗ ಸಾಕಮ್ಮ ಹೇಳಿದಳು.

“ನೋಡಿ ಬೀಗ್ರೇ, ಸಾಲಿಗ್ರಾಮದಲ್ಲಿ ಇದು ವರ್ಸವೆಲ್ಲ ಹೂ ಬುಡ್ತಿತ್ತು. ಇಲ್ಲಿಗ್ ಬಂದ್ಮೇಲೆ ಒಂದೂ ಬುಟ್ಟಿಲ್ಲ. ಇದು ಒಣಗೋದ್ರೆ ಈ ಮನೆ ನಂಗೂ ಆಗಾಕಿಲ್ಲ ಅಂತ್ಲೇ ಲೆಕ್ಕ. ಕೆ.ಆರ್. ನಗರಕ್ಕೆ ಚಿಕ್ಕವನ ಮನೆಗೆ ಓಯ್ತೀನಿ.”

ಚಿಕ್ಕವನು ಅಂದರೆ ಅವಳ ಎರಡನೇ ಮಗ. ಬಾ ಅಂತ ಕರೆಯುತ್ತಲೇ ಇದ್ದ. ಅವಳು ಹೋದರೆ ಅವಳಿಗೇನೂ ಕಷ್ಟವಿಲ್ಲ. ಕಷ್ಟ ನನಗೆ. ಹೆಣ್ಣಿನ ತಾಯಿ ಬಂದು ಸೇರಿಕೊಂಡು ಗಂಡಿನ ತಾಯಿಯನ್ನು ಮನೆ ಬಿಡಿಸಿದಳು ಅಂತ ಹುಣಸೂರಿನಿಂದ ಸಾಲಿಗ್ರಾಮದವರೆಗೆ ಎಲ್ಲರ ಬಾಯಲ್ಲೂ ಬರುತ್ತದೆ. ಮಗಳು ತಲೆಯೆತ್ತಿ ಓಡಾಡುವುದು ಹೇಗೆ? ನಾನಂತೂ ಮಾರನೆಯ ದಿನವೇ ಗಂಟು ಕಟ್ಟಬೇಕು. ಒಂದು ಕುಂಡದ ಗಿಡದ ಮೇಲೆ ಇಬ್ಬರು ಮುದುಕಿಯರ ಮನೆ ನಿಂತಿತ್ತು.

ಸರಿ, ಗೊಬ್ಬರ ನನ್ನ ಜವಾಬ್ದಾರಿ ಅಂದೆ. ಕುಮಾರನ ತಿಪ್ಪೆಯಿಂದ ಕಪ್ಪಗೆ ಕಳಿತ ಗೊಬ್ಬರವನ್ನು ಚೀಲದಲ್ಲಿ ತುಂಬಿಸಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ನನಗೆ ಬಿಟ್ಟಿ ಚೀಟಿ ಹರಿದು ಕೊಟ್ಟ, ಗೊಬ್ಬರಕ್ಕೆ ಟಿಕೆಟ್ ತಗೊಳ್ಳಿ ಅಂದ. ಹೆಂಗಸಿಗಿಂತ ಸಗಣಿಗೆ ಬೆಲೆ ಜಾಸ್ತಿ ಅಂತ ಸರ್ಕಾರವೂ ಒಪ್ಪಿದ ಹಾಗಾಯಿತು. ಸಂತೋಷವಾಗಿಯೇ ಕೊಟ್ಟೆ.

ಇತ್ತ ಸಾಕಮ್ಮ ಸುಮ್ಮನಿದ್ದಳೇ? ಸಾಲಿಗ್ರಾಮದ ಕಡೆಯಿಂದ ಬರುವ ಹಾಲಿನ ವ್ಯಾನಿನವನಿಗೆ ಹೇಳಿ ಗದ್ದೆಯ ಜೇಡಿಮಣ್ಣು ತರಿಸಿಟ್ಟಿದ್ದಳು. ಗಿಡಕ್ಕೆ ಹುಟ್ಟಿದೂರಿನ ಮಣ್ಣೇ ಆಗಬೇಕಂತೆ. ಗೊಬ್ಬರವೋ ಮಣ್ಣೋ ಅಂತ ಒಂದು ಬೆಳಗ್ಗೆಯೆಲ್ಲ ವಾದ ಮಾಡಿ, ಮದುವೆಯ ಖರ್ಚಿನ ಹಾಗೆ ಅರ್ಧ ಅವರದು ಅರ್ಧ ನಮ್ಮದು ಅಂತ ತೀರ್ಮಾನವಾಯಿತು. ನಾನು ಹೊಲದ ಬದು ಬಿಗಿ ಮಾಡುವ ಹಾಗೆ ಮುಷ್ಟಿಯಲ್ಲಿ ಗುದ್ದಿ ಗುದ್ದಿ ತುಂಬಿದೆ. ಅವಳು ನಾಟಿ ಹಾಕಿದ ಗದ್ದೆಗೆ ಕಟ್ಟುವ ಹಾಗೆ ನೀರು ನಿಲ್ಲಿಸಿದಳು. ಇಬ್ಬರಿಗೂ ತೃಪ್ತಿಯಾಯಿತು.

ಗಿಡಕ್ಕೆ ಆಗಲಿಲ್ಲ. ಮೊದಲು ಕೆಳಗಿನ ಎಲೆ ಹಳದಿಯಾಯಿತು, ಆಮೇಲೆ ಮೇಲಿನದು. ಬುಡ ಮುಟ್ಟಿದರೆ ಮೆತ್ತಗೆ. ಸಾಕಮ್ಮ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳು ಎಲೆ ಅಡಿಕೆ ತಟ್ಟೆಯನ್ನು ತನ್ನ ಮಂಚದ ಕಡೆಗೆ ಎಳೆದುಕೊಂಡಳು, ಅಷ್ಟೇ. ಸಂಜೆ ಸುನಂದಾಳನ್ನು ಕರೆದು ತನ್ನ ಬಟ್ಟೆ ಬ್ಯಾಗು ಎಲ್ಲಿದೆ ಅಂತ ಕೇಳಿದಳು.

ನಾನು ಫೋನು ಹಿಡಿದೆ. ಗೊತ್ತಿರುವವರಿಗೆಲ್ಲ ಮಾಡಿದೆ. ಒಬ್ಬರು ಎರೆಗೊಬ್ಬರ ಅಂದರು, ಒಬ್ಬರು ಕುರಿ ಗೊಬ್ಬರ ಅಂದರು, ಇನ್ನೊಬ್ಬರು ಕಾಫಿ ಹಣ್ಣಿನ ಸಿಪ್ಪೆ ಕೊಳೆಸಿ ಹಾಕು ಅಂದರು. ಹೆಗ್ಗಡದೇವನ ಕೋಟೆಯ ಕಡೆ ಅಂತರಸಂತೆಯಲ್ಲಿರುವ ನನ್ನ ತಂಗಿ ಆನೆ ಲದ್ದಿ ಕಳಿಸುತ್ತೇನೆ ಅಂದಳು. ಅವಳ ಹೊಲಕ್ಕೆ ಕಾಡಿನಿಂದ ಆನೆ ಬರುತ್ತದೆ. “ನಮ್ ರಾಗೀನೆಲ್ಲ ತಿಂದ್ಬುಟ್ಟು ಲದ್ದಿ ಹಾಕ್ಬುಟ್ಟು ಓಯ್ತದೆ ಕಣಕ್ಕ. ಬಾಡಿಗೆ ಕೊಟ್ಟಂಗೆ” ಅಂತ ನಕ್ಕಳು. ನನಗೂ ಉಮೇದು ಬಂತು. ಸಾಕಮ್ಮನಿಗೆ ಹೇಳಿದೆ. ಅದು ಗಣಪತಿ, ಗಣಪತಿಯ ಲದ್ದಿಯನ್ನು ತುಳಿಯಲೂಬಾರದು ಕುಂಡಕ್ಕೆ ತುಂಬಲೂಬಾರದು ಅಂತ ಗೋಡೆಯ ಕಡೆ ತಿರುಗಿಕೊಂಡಳು. ಮೂರು ದಿನಕ್ಕೆ ಅವಳು ನನ್ನೊಡನೆ ಆಡಿದ ಮಾತು ಅದೊಂದೇ. ಆದರೂ ಆಡಿದಳಲ್ಲ, ಸಾಕು ಅಂತ ಆ ಸಡಿಲು ಹಿಡಿದುಕೊಂಡೇ ಮಾರನೆಯ ದಿನ ಗಿಡವನ್ನೂ ಅವಳನ್ನೂ ಎಬ್ಬಿಸಿ ಪಿರಿಯಾಪಟ್ಟಣ ದಾಟಿ ಸಿಗುವ ಕೊಪ್ಪದ ಬಸ್ಸು ಹತ್ತಿಸಿದೆ. ಅಲ್ಲಿ ರಸ್ತೆ ಬದಿಯಲ್ಲಿ ಕುಂಡ ನೇತುಹಾಕಿ ಗಿಡ ಮಾರುವುದನ್ನು ನಾನು ನೋಡಿದ್ದೆ.

ಮಾರುವವಳು ಕೇರಳದ ಕಡೆಯ ಹೆಂಗಸು. ನಮ್ಮ ಗಿಡವನ್ನು ಕುಂಡದಿಂದ ತಟ್ಟಿ ತೆಗೆದಳು. ಮಣ್ಣು ಇಟ್ಟಿಗೆಯ ಹಾಗೆ ಒಂದೇ ಗಟ್ಟಿಯಾಗಿ ಬಂತು. ವಾಸನೆ ಕೆಟ್ಟ ಚರಂಡಿಯದು. ಕೊಳೆತ ಬೇರನ್ನು ಕತ್ತರಿಯಲ್ಲಿ ಕಚಕಚ ಕತ್ತರಿಸುತ್ತಾ ಅವಳು ಹೇಳಿದಳು. “ಅಮ್ಮಾ, ಇದು ನೆಲದ್ದು ಗಿಡ ಅಲ್ಲ. ಕಾಡಲ್ಲಿ ಮರದ ಮೇಲೆ ಕೂರೋದು. ನೀವು ಇದರ ಮೂಗು ಮುಚ್ಚಿದ್ದೀರಿ.”

ಸಾಕಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಬಿಗಿ ಮಾಡಿದ್ದು ನಾನು, ನೀರು ಕಟ್ಟಿದ್ದು ಅವಳು. ಗಿಡ ಮಾರುವವಳು ತನ್ನದೊಂದು ಗಿಡ ಎತ್ತಿ ಬುಡ ಬಿಡಿಸಿ ತೋರಿಸಿದಳು. ಅದರೊಳಗೆ ಮಣ್ಣೇ ಇಲ್ಲ. ತೆಂಗಿನ ನಾರು, ಸಿಪ್ಪೆಯ ಚೂರು, ಇದ್ದಿಲಿನ ತುಂಡು, ಇಟ್ಟಿಗೆಯ ನುರುಕು. ಅವುಗಳ ಸಂದಿಯಲ್ಲಿ ಬೇರು ಬೆಳ್ಳಗೆ, ಮಕ್ಕಳು ಕೈಕಾಲು ಚಾಚಿಕೊಂಡು ಮಲಗಿದ ಹಾಗೆ. ಗೊಬ್ಬರ ಅಂದರೆ ಹಿಡಿಯಷ್ಟು, ಅದೂ ಮೇಲೆ ಉದುರಿಸಿದ್ದು. ಮಾರುವುದಕ್ಕೆ ಕಲಸಿಟ್ಟದ್ದು ಖಾಲಿಯಾಗಿದೆ, ನೀವೇ ಕಲಸಿಕೊಳ್ಳಿ ಅಂದಳು.

ನಿಮಗೆ ಹೇಳುತ್ತೇನೆ, ಈ ವಯಸ್ಸಿನಲ್ಲಿ ಮೈ ಜುಮ್ಮೆನ್ನುವಂಥದ್ದು ಹೆಚ್ಚಿಗೆ ಉಳಿದಿರುವುದಿಲ್ಲ. ಆದರೆ ಆವತ್ತು ಬಸ್ಸಿನಲ್ಲಿ ನನಗೆ ಕೂರಲಾಗಲಿಲ್ಲ. ಜೀವಮಾನವೆಲ್ಲ ಗೊಬ್ಬರ ಅಂದರೆ ತುಂಬುವುದು ಅಂದುಕೊಂಡಿದ್ದೆ. ಸಂದಿ ಬಿಡುವುದೂ ಗೊಬ್ಬರವೇ ಅಂತ ಯಾರೂ ಹೇಳಿರಲಿಲ್ಲ. ಇನ್ನೂ ದೊಡ್ಡ ವಿಷಯ ಅಂದರೆ, ಆ ಹೆಂಗಸು ಹೇಳಿದ ಪದಾರ್ಥವೆಲ್ಲ ನಮ್ಮೂರಲ್ಲೇ ಬಿದ್ದಿತ್ತು. ಹೊಗೆಸೊಪ್ಪಿನ ಸಸಿಯನ್ನು ಈಗ ಮಡಿಯಲ್ಲಿ ಬಿಡುವುದಿಲ್ಲ, ಗುಳಿಗುಳಿ ಇರುವ ಟ್ರೇಗೆ ನಾರಿನ ಪುಡಿ ತುಂಬಿ ಬಿಡುತ್ತಾರೆ. ಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಯಲ್ಲಿ ಇದ್ದಿಲಿಗೆ ಬರವೇ? ನಾನು ಪಿರಿಯಾಪಟ್ಟಣ ಬರುತ್ತಲೇ ಸಾಕಮ್ಮನ ಕೈ ಹಿಡಿದು ಇಳಿಸಿಬಿಟ್ಟೆ. ಇಲ್ಲ್ಯಾಕೆ ಇಳಿಸ್ತೀರಿ ಅಂತ ಅವಳು ಕೇಳುವಷ್ಟರಲ್ಲಿ ಆಟೋ ಹತ್ತಿದ್ದೆವು.

ಕುಮಾರ ನಮ್ಮನ್ನು ನೋಡಿ ಯಾರೋ ಸತ್ತರು ಅಂದುಕೊಂಡ. ಸಸಿಗೆ ಬಳಸಿ ಉಳಿದಿದ್ದ ನಾರಿನ ಮೂಟೆ ಬಿಚ್ಚಿಸಿದೆ. ಕಾಯಿ ಸುಲಿದ ಸಿಪ್ಪೆಯನ್ನು ಮಚ್ಚಿನಿಂದ ಚೂರು ಮಾಡಿಸಿದೆ. ಬ್ಯಾರನ್ನಿನ ಒಲೆಯೊಳಗೆ ಬಗ್ಗಿ ಇದ್ದಿಲು ಆರಿಸಿದೆ. ಸಾಕಮ್ಮ ಮೊದಲು ಜಗಲಿಯ ಮೇಲೆ ಗಿಡ ಹಿಡಿದು ಕೂತಿದ್ದವಳು, ನಾನು ನಾರನ್ನು ಹಾಗೇ ಚೀಲಕ್ಕೆ ತುಂಬುವುದನ್ನು ಕಂಡು ಎದ್ದು ಬಂದಳು. ಅಕ್ಕಿ ತೊಳೆಯದೆ ಅನ್ನಕ್ಕೆ ಇಡ್ತಾರಾ ಅಂತ ಕೇಳಿ, ಸೀರೆ ಎತ್ತಿ ಕಟ್ಟಿ, ಬಕೀಟಿನಲ್ಲಿ ನಾರು ನೆನೆಸಿ ಹಿಂಡಿ ಹಿಂಡಿ ಕೆಂಪು ನೀರು ಬಸಿದಳು. ತಿಳಿ ಬರುವವರೆಗೂ ಬಿಡಲಿಲ್ಲ. ನಾರಿನಲ್ಲಿ ಉಪ್ಪಿರುತ್ತದೆ, ತೊಳೆಯುವುದೇ ಸರಿ ಅಂತ ಕುಮಾರನೂ ಅಂದ. ನಾನು ತಿಪ್ಪೆಯ ಹತ್ತಿರ ಹೋಗಿ, ಮೇಲಿನದನ್ನೆಲ್ಲ ಸರಿಸಿ, ತಳದ ಅಂಚಿನಲ್ಲಿ ಟೀ ಪುಡಿಯ ಹಾಗೆ ಉದುರುವ ಹಳೆಯ ಗೊಬ್ಬರವನ್ನು ಮಾತ್ರ ಕೈಯಲ್ಲಿ ಗೋರಿದೆ.

“ಅತ್ತೆ, ನನ್ ಹೊಗೆಸೊಪ್ಪಿನ ಸಸಿಗೂ ನಾನು ಇಷ್ಟು ಉಪಚಾರ ಮಾಡಿಲ್ಲ ಕಣಿ” ಅಂದ ಕುಮಾರ. ಸಾಕಮ್ಮ ನಕ್ಕಳು. ಬಹಳ ದಿನದ ಮೇಲೆ ನಕ್ಕಳು.

ಮನೆಗೆ ಬಂದು ಮಹಡಿಯ ಮೇಲೆ ಕೂತು ಕಲಸಿದೆವು. ಮುಷ್ಟಿಯಲ್ಲಿ ಹಿಡಿದೆ, ಉಂಡೆ ಕಟ್ಟಲಿಲ್ಲ. ನನ್ನ ಲೆಕ್ಕದಲ್ಲಿ ಅದು ಕೆಟ್ಟ ಗೊಬ್ಬರ. ಕಣ್ಣು ಮುಚ್ಚಿಕೊಂಡು ತುಂಬಿದೆ, ಒಂದು ಗುದ್ದೂ ಹಾಕದೆ. ಸಾಕಮ್ಮ ಒಂದು ಚೊಂಬು ನೀರು ಹಾಕಿ, ಅದು ತಳದಿಂದ ಹರಿದು ಹೋಗುವುದನ್ನು ಸಂಕಟದಿಂದ ನೋಡಿದಳು. ಗದ್ದೆಯವರಿಗೆ ನೀರು ಹರಿದು ಹೋದರೆ ಮಗು ಮನೆ ಬಿಟ್ಟು ಹೋದ ಹಾಗೆ.

ಆಮೇಲೆ ಕಾಯುವುದು. ನಾನು ಬೆಳಗ್ಗೆ ಬಾಯಿ ಮುಕ್ಕಳಿಸುವ ಮೊದಲು ಗಿಡ ನೋಡುತ್ತಿದ್ದೆ. ಸಾಕಮ್ಮ ನನಗಿಂತ ಮೊದಲೇ ಬಂದು ನೋಡಿ, ನೋಡದವಳ ಹಾಗೆ ಕೂತಿರುತ್ತಿದ್ದಳು. ಹಳದಿ ನಿಂತಿತು. ಒಂದು ದಿನ ನಡುವಿನಿಂದ ವೀಳ್ಯದೆಲೆ ಸುರುಳಿ ಸುತ್ತಿದಂಥ ಎಳೆಯ ಎಲೆ ಇಣುಕಿತು. ನಾನು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಹಾವು ಬಂತು ಅಂತ ಕೋಲು ಹಿಡಿದು ಬಂದರು. ಎಲೆ ಅಡಿಕೆ ತಟ್ಟೆ ಆವತ್ತು ಇಬ್ಬರ ನಡುವೆ ಬಂತು. ಆದರೆ ಬಟ್ಟೆ ಬ್ಯಾಗು ಮಂಚದ ಕೆಳಗೆ ಹಾಗೇ ಇತ್ತು. ಚಿಕ್ಕವನು ಫೋನು ಮಾಡಿ ಭಾನುವಾರ ಕಾರು ತರುತ್ತೇನೆ ಅಂದನಂತೆ. ಬ್ಯಾಡ ಅಂತ ಇವಳು ಹೇಳಲಿಲ್ಲ. ಗಿಡ ಬದುಕಿತಲ್ಲ ಅಂದರೆ, ಎಲೆ ಬಂದ್ರೆ ಬದುಕಿದಂಗೆ, ಹೂ ಬಂದ್ರೆ ತಾನೆ ಈ ಮನೇನ ಒಪ್ಪಿದಂಗೆ ಅಂದಳು. ಗದ್ದೆಯವರ ಹಟವೂ ಜೇಡಿಯೇ.

ಶನಿವಾರ ಬೆಳಗ್ಗೆ ಸಾಕಮ್ಮ ಮಹಡಿಯಿಂದ ಓಡುತ್ತಾ ಒಳಗೆ ಬಂದಳು. ಅವಳ ಮಂಡಿಗೆ ಓಡುವುದು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. “ಸುನಂದಾ, ಬಾರವ್ವ, ಮೊಗ್ಗು” ಅನ್ನುತ್ತಾ ಅಡುಗೆಮನೆಗೆ ಹೋದಳು. ನಾನು ಅವಳಿಗಿಂತ ಜೋರಾಗಿ ಮಹಡಿಗೆ ಹೋದೆ. ಇತ್ತು. ಎಲೆಯ ಬುಡದಿಂದ ಕೆಂಪನೆ ಮೂತಿ, ಗಿಣಿಯ ಕೊಕ್ಕಿನ ಹಾಗೆ. ನನಗೆ ಎಷ್ಟು ಖುಷಿ ಅಂದರೆ ಒಬ್ಬಳೇ ನಗುತ್ತಾ, ಬಗ್ಗಿ, ಅದನ್ನು ಬೆಳಕಿಗೆ ತಿರುಗಿಸಲು ಹೋದೆ.

ಇಲ್ಲಿ ನಿಮಗೊಂದು ವಿಷಯ ತಿಳಿದಿರಬೇಕು. ಹೊಗೆಸೊಪ್ಪಿನ ಹೊಲದಲ್ಲಿ ಹೂ ಬಿಡಬಾರದು. ಹೂ ಬಿಟ್ಟರೆ ಗಿಡದ ಸತ್ವವೆಲ್ಲ ಅದಕ್ಕೇ ಹೋಗಿ ಎಲೆ ತೆಳ್ಳಗಾಗುತ್ತದೆ, ತೂಕ ಬರುವುದಿಲ್ಲ. ಅದಕ್ಕೇ ಮೊಗ್ಗು ಕಂಡ ಕೂಡಲೇ ಮುರಿಯಬೇಕು. ಕುಡಿ ಮುರಿಯುವುದು ಅಂತಲೇ ಅದರ ಹೆಸರು. ಲಂಗ ಕಟ್ಟುವ ವಯಸ್ಸಿನಿಂದ ಮಂಡಿ ನೋವು ಬರುವ ತನಕ ನಾನು ಮುರಿದಿದ್ದೇನೆ. ಸಾಲು ಹಿಡಿದು, ಊರಿನ ಸುದ್ದಿಯೆಲ್ಲ ಮಾತಾಡುತ್ತಾ, ಕಣ್ಣು ಎಲ್ಲೋ ಕೈ ಎಲ್ಲೋ. ಅಂಟು ಕೂತು ಬೆರಳು ಕರ್ರಗಾಗಿ, ಬೂದಿ ಹಾಕಿ ಉಜ್ಜಿದರೂ ಹೋಗದೆ, ಆ ಕೈಯಲ್ಲೇ ಮುದ್ದೆ ತಿಂದರೆ ಮುದ್ದೆಯೂ ಕಹಿ. ಮೊಗ್ಗು ಕಂಡರೆ ಹೆಬ್ಬೆರಳು ತೋರುಬೆರಳು ನನ್ನನ್ನು ಕೇಳುವುದಿಲ್ಲ.

ಟಕ್ ಅಂತ ಸದ್ದಾಯಿತು. ಅಷ್ಟೇ.

ಸಾಕಮ್ಮ, ಸುನಂದ ಇಬ್ಬರೂ ಬಂದು ನಿಂತಾಗ ಮೊಗ್ಗು ನನ್ನ ಅಂಗೈಯಲ್ಲಿತ್ತು. ಸುನಂದ ಅವ್ವ ಅಂತ ಹಣೆ ಹಿಡಿದುಕೊಂಡಳು. ಭಾನುವಾರದ ಕಾರು ಕಣ್ಣ ಮುಂದೆ ಬಂದು ನಿಂತ ಹಾಗಾಯಿತು. “ಕೈ ಹೊಗೆಸೊಪ್ಪು ಅಂದ್ಕೊಂಡ್ಬುಡ್ತು ಕಣ್ರೀ” ಅಂದೆ.

ಸಾಕಮ್ಮ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಳು. ನಾಟಿ ಪೈರಿನಲ್ಲಿ ಕಳೆ ಹುಡುಕುವ ಹಾಗೆ ಒಂದೊಂದೇ ಎಲೆ ಸರಿಸಿ ಬುಡ ನೋಡಿದಳು. ಒಂದು ಕಡೆ ಅವಳ ಬೆರಳು ನಿಂತಿತು. ಇನ್ನೊಂದು ಇತ್ತು, ಭತ್ತದ ಕಾಳಿನಷ್ಟು, ಮೇಲಿನ ಎಲೆಯ ಮರೆಯಲ್ಲಿ. ನಾನೂ ನೋಡಲು ಬಗ್ಗಿದೆ. ಅವಳು ಗಬಕ್ಕನೆ ಸೆರಗು ಎಳೆದು ಗಿಡದ ಮೇಲೆ ಮುಚ್ಚಿದಳು. ಸುನಂದಾಳಿಗೆ ಫೋನು ತಾ ಅಂದಳು. ಚಿಕ್ಕವನಿಗೆ ಮಾಡಿಸಿದಳು.

“ನಾಳಿಕ್ ಬರ್ಬ್ಯಾಡ ಕಣ್ಲಾ. ಗಿಡ ಹೂ ಬುಡ್ತಾ ಅದೆ. ನಾನಿಲ್ಲಿಂದ ಎದ್ರೆ ಇವ್ಳು ಎಲ್ಲಾನೂ ಮುರ್ದಾಕ್ತಾಳೆ.”

ಹೂ ಬಿಟ್ಟ ಮೇಲೆ ಬರಬಹುದಲ್ಲ ಅಂತ ಅವನು ಕೇಳಿರಬೇಕು. ಸಾಕಮ್ಮನಿಗೆ ರೇಗಿತು.

“ಒಂದ್ ಹೂಗೆ ಮುಗೀತದೇನ್ಲಾ? ಗಿಡ ಹೂ ಬುಡ್ತಾನೇ ಇರ್ತದೆ, ಮುರಿಯೋಳು ಮುರೀತಾನೇ ಇರ್ತಾಳೆ. ಕಾಯೋರ್ ಯಾರು? ಮಡಗು ಫೋನ.”

ಫೋನು ಇಟ್ಟು ನನ್ನ ಕಡೆ ತಿರುಗಿದಳು. “ಅಲ್ಲೇನ್ ನಿಂತಿದ್ದೀಯೆ, ಇಲ್ಲಿ ನನ್ ಎದುರ್ಗೆ ಕುಂತ್ಕೋ. ಕೈಯೆಲ್ಡೂ ನಂಗೆ ಕಾಣಂಗೆ ಮಡಿಕ್ಕೊ.”

ಕೂತೆ, ಎರಡು ಕೈಯನ್ನೂ ಮಂಡಿಯ ಮೇಲೆ ಅಂಗಾತ ಇಟ್ಟುಕೊಂಡು.